ಕಾಕ್‌ಪಿಟ್‌ನಲ್ಲಿ ಒಂದೊಂದು ಹಿಡಿಗೆ ಒಂದೊಂದು ಆಕಾರ ಯಾಕೆ?

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ಆಸೆಯಿರುವ ತುಮಕೂರಿನ ವಿದ್ಯಾರ್ಥಿಯೊಬ್ಬರ ಪ್ರಶ್ನೆ ಇದು. ಉತ್ತರ: ಪೈಲಟ್ ನೋಡದೆ, ಮುಟ್ಟಿಯೇ ಗುರುತಿಸಲಿ ಅಂತ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳು ಸರಿಯಾಗಿ ಇಳಿದ ಮೇಲೂ ಹೊಟ್ಟೆ ಮೇಲೆ ಕೂರುತ್ತಿದ್ದವು. ಚಕ್ರದ ಸ್ವಿಚ್, ಫ್ಲ್ಯಾಪ್ (ಇಳಿಯುವಾಗ ಕೆಳಗೆ ಬಾಗಿಸುವ ರೆಕ್ಕೆಯ ಹಿಂಭಾಗ) ಸ್ವಿಚ್ ಅಕ್ಕಪಕ್ಕದಲ್ಲಿದ್ದವು, ಎರಡೂ ಒಂದೇ ಥರ. ಫ್ಲ್ಯಾಪ್ ಎತ್ತಲು ಹೋದ ಪೈಲಟ್ ಚಕ್ರ ಎತ್ತಿಬಿಡುತ್ತಿದ್ದ. ಆಲ್ಫಾನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಚಕ್ರದ ಸ್ವಿಚ್‌ಗೆ ರಬ್ಬರ್ ಚಕ್ರ, ಫ್ಲ್ಯಾಪ್ ಸ್ವಿಚ್‌ಗೆ ಬೆಣೆಯಾಕಾರದ ತುಂಡು ಅಂಟಿಸಿದರು. ಈ ಆಕಾರಗಳು ಇಂದು ದೊಡ್ಡ ವಿಮಾನಗಳಿಗೆ ನಿಯಮವೇ ಆಗಿವೆ.

ಆಕಾರ ಸರಿಯಿದ್ದರಷ್ಟೇ ಸಾಲದು, ಪರದೆಯೂ ಮೋಸ ಮಾಡುತ್ತದೆ. 1992ರ ಜನವರಿ 20ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್ ಬಳಿ ಏರ್‌ಬಸ್ ಎ320 ಪ್ರಯಾಣಿಕ ವಿಮಾನ ಬೆಟ್ಟಕ್ಕೆ ಬಡಿದು 87 ಜನ ಸತ್ತರು. 3.3 ಡಿಗ್ರಿ ಇಳಿಜಾರು ಬೇಕಿದ್ದ ಕಡೆ ಆಟೋಪೈಲಟ್ ನಿಮಿಷಕ್ಕೆ 3,300 ಅಡಿ ಇಳಿಯುವ ಮೋಡ್‌ನಲ್ಲಿ ಇದ್ದಿರಬೇಕೆಂಬುದು ಪ್ರಬಲ ಊಹೆ. ಪರದೆಯಲ್ಲಿ ಡಿಗ್ರಿ ಮೋಡ್ ಆದರೆ -3.3, ಅಡಿಯ ಮೋಡ್ ಆದರೆ ನೂರರ ಲೆಕ್ಕದಲ್ಲಿ -33. ರಾತ್ರಿ, ಅವಸರದಲ್ಲಿ ಚುಕ್ಕಿ ಯಾರ ಕಣ್ಣಿಗೆ ಬೀಳುತ್ತದೆ? ಆಮೇಲೆ ಅಡಿಯ ಮೋಡ್‌ನಲ್ಲಿ -3300 ಅಂತ ನಾಲ್ಕಂಕಿ ತೋರಿಸುವಂತೆ ಬದಲಿಸಿದರು.

ಎಚ್ಚರಿಕೆ ದೀಪಗಳ ಬಣ್ಣದ ವಿಷಯ ಸರಳ: ತಕ್ಷಣ ಕೈ ಹಾಕಬೇಕಾದ್ದಕ್ಕೆ ಕೆಂಪು, ಗಮನಿಸಿ ಆಮೇಲೆ ಸರಿಪಡಿಸುವುದಕ್ಕೆ ಅಂಬರ್ (ಕಿತ್ತಳೆ-ಹಳದಿ). ಎಲ್ಲ ಸರಿಯಿದ್ದರೆ ದೀಪವೇ ಬೇಡ.

ಅಳತೆ ಮರೆಯಬೇಡಿ. ಅಮೆರಿಕದ ನಿಯಮದ ಪ್ರಕಾರ 5 ಅಡಿ 2 ಇಂಚಿನವರಿಂದ 6 ಅಡಿ 3 ಇಂಚಿನವರವರೆಗೆ ಬೆಲ್ಟ್ ಕಟ್ಟಿಕೊಂಡೇ ಎಲ್ಲ ಹಿಡಿಗಳನ್ನೂ ಪೂರ್ತಿ ಆಡಿಸಲು ಆಗಬೇಕು. ಕಾಕ್‌ಪಿಟ್‌ನ ಪ್ಲೈವುಡ್ ಮಾದರಿ ಮಾಡಿ, ಅದರಲ್ಲಿ ಕೂತವರಿಗೆ ಗ್ಲೌಸ್ ಹಾಕಿಸಿ, ಕಣ್ಣು ಮುಚ್ಚಿಸಿ ಹಿಡಿ ಹುಡುಕಿಸಿ. ಅರ್ಧ ತಪ್ಪು ಅಲ್ಲೇ ಸಿಗುತ್ತದೆ.