ಅಜ್ಜನ ಕಾಲದ ಹಾರ್ನ್‌ಬಿ ಆಟಿಕೆ ರೈಲನ್ನು ದುರಸ್ತಿ ಮಾಡಿಸಲು ಎಷ್ಟು ಖರ್ಚಾಗುತ್ತದೆ?

ಕೀ ಕೊಟ್ಟರೆ ಓಡುತ್ತಿದ್ದ ನಿಮ್ಮ ಅಜ್ಜನವರ ಇಂಜಿನ್ ಈಗ ಅಲುಗಾಡುವುದಿಲ್ಲವೆಂದೂ, ಅದಕ್ಕೆ ಬಣ್ಣ ಹೊಡೆಸಿ ಹೊಸದರಂತೆ ಮಾಡಿಸುವ ಆಸೆಯಿದೆಯೆಂದೂ ಬರೆದಿದ್ದೀರಿ. ದಯವಿಟ್ಟು ಬಣ್ಣದ ಯೋಚನೆಯನ್ನು ಬಿಟ್ಟುಬಿಡಿ. ಲಿವರ್‌ಪೂಲ್‌ನ ಕಾರ್ಖಾನೆಯಲ್ಲಿ ಬಳಿದ ಮೂಲ ಬಣ್ಣ ಎಷ್ಟೇ ಮಾಸಿದ್ದರೂ ಸಂಗ್ರಾಹಕರು ಬೆಲೆ ಕಟ್ಟುವುದು ಅದಕ್ಕೇ. ಅಲ್ಲದೆ ಆ ಕಾಲದ ಬಣ್ಣದಲ್ಲಿ ಸೀಸವಿರುವ ಸಾಧ್ಯತೆಯಿರುವುದರಿಂದ ಅದನ್ನು ಉಜ್ಜಿ ತೆಗೆಯುವುದು ಆರೋಗ್ಯಕ್ಕೂ ಒಳ್ಳೆಯದಲ್ಲ.

1930ರ ದಶಕದ ಇಂಥದೇ ಒಂದು ಓ ಗೇಜ್ ಇಂಜಿನ್ನನ್ನು, ಅಂದರೆ 32 ಮಿಲಿಮೀಟರ್ ಅಂತರದ ಹಳಿಯ ಮೇಲೆ ಓಡುವಂಥದನ್ನು, ನಾನು ಸರಿಪಡಿಸಿದ್ದೇನೆ. ಸ್ಪ್ರಿಂಗ್ ತುಂಡಾಗಿದೆಯೆಂದು ನಾನೂ ಮೊದಲು ಹೆದರಿದ್ದೆ. ಆದರೆ ಹಳೆಯ ಎಣ್ಣೆ ಅಂಟಿನಂತೆ ಗಟ್ಟಿಯಾಗಿ ಗೇರುಗಳನ್ನು ಹಿಡಿದುಕೊಂಡಿತ್ತು, ಅಷ್ಟೆ. ಅದಕ್ಕೆ ತಗಲಿದ್ದು ಸ್ವಲ್ಪ ಸೀಮೆಎಣ್ಣೆ, ಒಂದು ಬ್ರಷ್ ಮತ್ತು ಎರಡು ಭಾನುವಾರ. (ಬಿಗಿಯಾಗಿ ಸುತ್ತಿಕೊಂಡಿರುವ ಸ್ಪ್ರಿಂಗನ್ನು ಮಾತ್ರ ಪೂರ್ತಿ ಸಡಿಲಗೊಳಿಸದೆ ಬಿಚ್ಚಬೇಡಿ, ಅದು ಚಿಮ್ಮಿದರೆ ಕೈ ಕೊಯ್ಯುತ್ತದೆ.)

ನಿಜವಾದ ತೊಂದರೆ ಇದ್ದದ್ದು ಗಾಲಿಗಳಲ್ಲಿ. ಸತುವಿನ ಮಿಶ್ರಲೋಹವನ್ನು ಎರಕ ಹೊಯ್ದು ಮಾಡಿದ ಆ ಗಾಲಿಗಳಲ್ಲಿ ಸೀಸದ ಕಲಬೆರಕೆ ಒಂದಿಷ್ಟಿದ್ದರೂ ಸಾಕು, ವರ್ಷಗಳು ಕಳೆದಂತೆ ಲೋಹ ಒಳಗಿನಿಂದಲೇ ಉಬ್ಬಿ, ಬಿರುಕುಬಿಟ್ಟು, ಕೊನೆಗೆ ರಸ್ಕಿನಂತೆ ಪುಡಿಯಾಗುತ್ತದೆ. ಇದಕ್ಕೆ ಮದ್ದಿಲ್ಲ, ಗಾಲಿಗಳನ್ನೇ ಬದಲಾಯಿಸಬೇಕು. ಅವನ್ನು ಹೊಸದಾಗಿ ಮಾಡಿ ಮಾರುವವರು ಇಂಗ್ಲೆಂಡಿನಲ್ಲಿದ್ದಾರೆ. ಆದರೆ ನಾನು ತರಿಸಿದಾಗ ಅಂಚೆ ಮತ್ತು ಸುಂಕ ಸೇರಿ ಗಾಲಿಗಳ ಬೆಲೆಯನ್ನೇ ಮೀರಿತು. ಜೋಡಿಸುವಾಗ ಸುತ್ತಿಗೆಯಲ್ಲಿ ತಟ್ಟಿ ಒಂದು ಅಚ್ಚನ್ನು ಬಾಗಿಸಿಕೊಂಡ ಮೇಲೆ, ಗಡಿಯಾರ ರಿಪೇರಿಯವರೊಬ್ಬರ ಮೊರೆಹೋದೆ. ಎರಡೂ ಬದಿಯ ಗಾಲಿಗಳು ಸರಿಯಾದ ಕೋನದಲ್ಲಿ ಕೂರದಿದ್ದರೆ ಅವನ್ನು ಕೂಡಿಸುವ ಸರಳುಗಳು ಅರ್ಧ ಸುತ್ತಿಗೇ ಸಿಕ್ಕಿಕೊಳ್ಳುತ್ತವೆ. ಅವರ ಕೂಲಿಯೆಲ್ಲ ಹೋದದ್ದು ಆ ಹೊಂದಾಣಿಕೆಗೇ.

ಒಟ್ಟಿನಲ್ಲಿ ನನಗೆ ಸುಮಾರು 9,000 ರೂಪಾಯಿ ತಗಲಿತು. ಹಾರ್ನ್‌ಬಿಯ ಸಾಧಾರಣ ಮಾದರಿಗಳು ದೊಡ್ಡ ಸಂಖ್ಯೆಯಲ್ಲಿ ತಯಾರಾದವುಗಳಾದ್ದರಿಂದ, ಮಾರಿದರೆ ಅಷ್ಟು ಹಣ ಮರಳಿ ಬರುತ್ತದೆಂದು ನಾನು ನಂಬಿಲ್ಲ. ಆದ್ದರಿಂದ ಯಾರಿಗಾದರೂ ಮುಂಗಡ ಕೊಡುವ ಮೊದಲು, ಒಳ್ಳೆಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಪ್ರತಿ ಗಾಲಿಯ ಅಂಚನ್ನೂ ನೋಡಿ. ಕೂದಲೆಳೆಯಷ್ಟು ಬಿರುಕೂ ಕಾಣದಿದ್ದರೆ, ನಿಮ್ಮ ಖರ್ಚು ಬಹುಶಃ ಸೀಮೆಎಣ್ಣೆಗೇ ಮುಗಿಯುತ್ತದೆ.