ಡೂಲಾ ಬಂದರೆ ಅಮ್ಮನಿಗೇನು ಕೆಲಸ?

ಪ್ರಶ್ನೆ: ಮಗಳಿಗೆ ಎಂಟು ತಿಂಗಳು, ಚೊಚ್ಚಲ ಹೆರಿಗೆ. ತೋರಿಸುತ್ತಿರುವುದು ಮಂಗಳೂರಿನಲ್ಲಿ. ಡೂಲಾ ಬೇಕೆಂದು ಹಟ ಹಿಡಿದಿದ್ದಾಳೆ. ನಾನಿರುವಾಗ ಹೊರಗಿನವರು ಯಾಕೆ? ಅವರು ಸೂಲಗಿತ್ತಿಯರೇ?
– ಓದುಗರು, ಸುರತ್ಕಲ್

ಉತ್ತರ: ಅಲ್ಲ. ಸೂಲಗಿತ್ತಿ ಹೆರಿಗೆ ಮಾಡಿಸುತ್ತಿದ್ದಳು, ಡೂಲಾ, ಅಂದರೆ ಹೆರಿಗೆಯ ಹೊತ್ತಿನಲ್ಲಿ ಜೊತೆಗಿದ್ದು ಧೈರ್ಯ ತುಂಬುವವರು, ಮಾಡಿಸುವುದಿಲ್ಲ. ಒಳಪರೀಕ್ಷೆ, ಬಿ.ಪಿ. ನೋಡುವುದು, ಮದ್ದು ಕೊಡುವುದು ಯಾವುದೂ ಅವರ ಕೆಲಸವಲ್ಲ. ‘ಡಾಕ್ಟರು ಬೇಡ, ಮನೆಯಲ್ಲೇ ಆಗಲಿ’ ಎನ್ನುವವರಿದ್ದರೆ ಅಲ್ಲಿಗೇ ಮಾತು ಮುಗಿಸಿ. ನೋವು ಜೋರಾದಲ್ಲಿಂದ ಮಗು ಮೊದಲ ಸಲ ಎದೆಹಾಲು ಕುಡಿಯುವವರೆಗೆ ಒಬ್ಬರೇ ಬಿಡದೆ ಪಕ್ಕದಲ್ಲಿರುವುದು ಡೂಲಾ ಕೆಲಸ. ಸಿಸ್ಟರ್‌ಗಳ ಪಾಳಿ ಬದಲಾಗುತ್ತದೆ, ಡಾಕ್ಟರು ಬಂದು ಹೋಗುತ್ತಾರೆ. ಹೀಗೆ ಯಾರಾದರೊಬ್ಬರು ಕೊನೆತನಕ ಜೊತೆಗಿದ್ದರೆ ಸಿಸೇರಿಯನ್ ಕಡಿಮೆಯಾಗುತ್ತದೆ, ನೋವಿನ ಅವಧಿಯೂ ತುಸು ಕುಗ್ಗುತ್ತದೆ ಎಂದು 15,000ಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡ 26 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಸಂಸ್ಥೆಯ 2017ರ ವಿಮರ್ಶೆ ಹೇಳಿದೆ.

ನಿಮ್ಮ ಜಾಗವನ್ನು ಅವರು ಕಸಿಯುವುದಿಲ್ಲ. ಆದರೆ ಲೇಬರ್ ರೂಮಿಗೆ ಒಬ್ಬರನ್ನೇ ಬಿಡುವುದಾದರೆ ಯಾರು ಹೋಗುವುದು ಎಂಬುದು ಈಗಲೇ ತೀರ್ಮಾನವಾಗಬೇಕು, ತೀರ್ಮಾನಿಸಬೇಕಾದವಳು ಮಗಳು. ಸರ್ಕಾರಿ ಆಸ್ಪತ್ರೆಗಳಲ್ಲಿ ಜೊತೆಗಾತಿಗೆ ಕೇಂದ್ರ ಸರ್ಕಾರ 2016ರಲ್ಲೇ ಅವಕಾಶ ಕೊಟ್ಟಿದೆ, ಆದರೂ ಒಂದೊಂದು ಕಡೆ ಒಂದೊಂದು ಕ್ರಮ. 34–36ನೇ ವಾರದ ತಪಾಸಣೆಗೆ ಹೋದಾಗ ಕೌಂಟರಿನಲ್ಲಲ್ಲ, ಲೇಬರ್ ವಾರ್ಡಿನ ಹಿರಿಯ ಸಿಸ್ಟರ್ ಹತ್ತಿರ ಕೇಳಿ: ಎಷ್ಟು ಮಂದಿ ಒಳಗಿರಬಹುದು? ನಡುವೆ ಒಬ್ಬರು ಹೊರಬಂದು ಇನ್ನೊಬ್ಬರು ಹೋಗಬಹುದೇ? ರಾತ್ರಿ ಬಿಡುತ್ತಾರೆಯೇ? ಆಪರೇಷನ್ ಆದರೆ?

ಡೂಲಾಗಳಿಗೆ ನಮ್ಮಲ್ಲಿ ಸರ್ಕಾರಿ ನೋಂದಣಿ ಇಲ್ಲ. ತರಬೇತಿ ಎಲ್ಲಿ ಆಯಿತೆಂದು ಕೇಳಿ, ಅವರ ಸಹಾಯ ಪಡೆದ ಎರಡು ಮನೆಯವರೊಂದಿಗೆ ಮಾತಾಡಿ. 38ನೇ ವಾರದಿಂದ ಯಾವ ಹೊತ್ತಿಗೆ ಕರೆದರೂ ಬರುತ್ತಾರೆಯೇ, ಅದೇ ದಿನ ಇನ್ನೊಂದು ಹೆರಿಗೆ ಇದ್ದರೆ ಬದಲಿಗೆ ಯಾರು, ಬಾಣಂತನದಲ್ಲಿ ಎಷ್ಟು ಸಲ ಬರುತ್ತಾರೆ, ಸಿಸೇರಿಯನ್ ಆದರೆ ಹಣದ ಲೆಕ್ಕ ಹೇಗೆ ಎಂಬುದೆಲ್ಲ ಬರವಣಿಗೆಯಲ್ಲಿರಲಿ. ಮನಸ್ತಾಪ ಆಗುವುದು ಹೆಚ್ಚಾಗಿ ಬದಲಿಯವರ ವಿಷಯದಲ್ಲೇ.

ಪ್ರಶ್ನೆ: ಡೂಲಾ ಇಡುವಷ್ಟು ಅನುಕೂಲ ನಮಗಿಲ್ಲ. ಹೆಂಡತಿಯ ಜೊತೆ ನಾನೇ ಇರುತ್ತೇನೆ. ಏನು ಕಲಿಯಲಿ?
– ಓದುಗರು, ಕಾಪು

ಉತ್ತರ: ಮೊದಲು ಬೆನ್ನು ಒತ್ತುವುದನ್ನು ಕಲಿಯಿರಿ. ಮಗುವಿನ ತಲೆಯ ಹಿಂಭಾಗ ತಾಯಿಯ ಬೆನ್ನಿನ ಕಡೆಗಿದ್ದರೆ ನೋವೆಲ್ಲ ಸೊಂಟದ ಕೆಳಗೆ ಬಂದು ಕೂರುತ್ತದೆ. ಅವರನ್ನು ಕುರ್ಚಿಯಲ್ಲಿ ಹಿಂದುಮುಂದಾಗಿ ಕೂರಿಸಿ, ಒರಗುವ ಹಲಗೆಯ ಮೇಲೆ ದಿಂಬಿಟ್ಟು ಮುಂದಕ್ಕೆ ಬಾಗಲು ಹೇಳಿ. ಸೊಂಟದ ಕೆಳಗಿನ ಎರಡು ಗುಳಿಗಳ ನಡುವಿನ ಚಪ್ಪಟೆ ಎಲುಬಿನ ಮೇಲೆ ಅಂಗೈಯ ಬುಡವನ್ನು ಊರಿ. ಮೊಣಕೈ ನೆಟ್ಟಗಿರಲಿ, ಮೈಭಾರ ಹಾಕಿ ಒತ್ತಿ. ಬರೀ ಮಣಿಕಟ್ಟಿನ ಬಲದಲ್ಲಿ ಒತ್ತಿದರೆ ಅರ್ಧ ಗಂಟೆಗೆ ಕೈ ಸೋಲುತ್ತದೆ. ನೋವು ಏರುವಾಗ ಶುರು ಮಾಡಿ, ಪೂರ್ತಿ ಇಳಿದ ಮೇಲೆ ಕೈ ತೆಗೆಯಿರಿ. ಉಜ್ಜಬೇಡಿ, ಗಂಟೆಗಟ್ಟಲೆ ಉಜ್ಜಿದರೆ ಚರ್ಮ ಕಿತ್ತು ಬರುತ್ತದೆ. ಒತ್ತಡ ಸಾಕೇ, ಇನ್ನೂ ಬೇಕೇ ಎಂದು ನೋವು ಇಳಿದ ಮೇಲೆಯೇ ಕೇಳಿ. ನೋವಿನ ನಡುವೆ ಪ್ರಶ್ನೆ ಬೇಡ.

ಅರ್ಧ ಗಂಟೆಗೊಮ್ಮೆ ಭಂಗಿ ಬದಲಾಗಲಿ. ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಕರೆದೊಯ್ಯಿರಿ, ತುಂಬಿದ ಮೂತ್ರಕೋಶ ಮಗುವಿನ ತಲೆ ಇಳಿಯಲು ಅಡ್ಡಿ. ಡಾಕ್ಟರು ಬೇಡವೆನ್ನದಿದ್ದರೆ ಪ್ರತಿ ನೋವಿನ ನಂತರ ಒಂದೆರಡು ಗುಟುಕು ನೀರು ಕೊಡಿ. ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಬಿಡಲಿ. ಬೇಗ ಬೇಗ ಉಸಿರಾಡಿದರೆ ಬೆರಳು ಜುಮ್ಮೆನ್ನುತ್ತದೆ, ತಲೆ ಸುತ್ತುತ್ತದೆ.

ಚೊಚ್ಚಲ ಹೆರಿಗೆಯಾದರೆ, ಐದು ನಿಮಿಷಕ್ಕೊಮ್ಮೆ ಬಂದು ಒಂದು ನಿಮಿಷ ನಿಲ್ಲುವ ನೋವು ಒಂದು ಗಂಟೆ ಹೀಗೇ ಮುಂದುವರಿದರೆ ಹೊರಡಿ. ಆಸ್ಪತ್ರೆ ದೂರವಿದ್ದರೆ ಅದಕ್ಕೂ ಮೊದಲೇ. ನೀರು ಒಡೆದರೆ, ರಕ್ತ ಹೋದರೆ, ಮಗುವಿನ ಅಲುಗಾಟ ಕಡಿಮೆಯಾದರೆ ಲೆಕ್ಕ ಹಾಕುತ್ತ ಕೂರಬೇಡಿ.

ಪ್ರಶ್ನೆ: ಸಿಸೇರಿಯನ್ ಆಗಿ ಎಂಟು ದಿನ. ನೀರು ಕಡಿಮೆ ಕುಡಿಯಬೇಕು, ಕುದಿಯುವ ಹಂಡೆಯ ನೀರೇ ಮೀಯಬೇಕು ಎನ್ನುತ್ತಾರೆ ಅತ್ತೆ. ಹಾಲು ಸಾಲುತ್ತಿದೆಯೋ ಗೊತ್ತಾಗುವುದಿಲ್ಲ.
– ಓದುಗರು, ಕಾರ್ಕಳ

ಉತ್ತರ: ಬಾಯಾರಿದಷ್ಟೂ ನೀರು ಕುಡಿಯಿರಿ. ಕುಡಿಯದಿದ್ದರೆ ಮಲ ಗಟ್ಟಿಯಾಗಿ, ತಿಣುಕುವಾಗ ಹೊಲಿಗೆ ಎಳೆಯುತ್ತದೆ. ಅತ್ತೆ ಮಾಡಿಕೊಡುವ ಕುಚ್ಚಲಕ್ಕಿ ಗಂಜಿ ತಿಳಿಸಮೇತ ಒಳ್ಳೆಯದೇ, ಆ ಮಾತನ್ನು ಅವರಿಗೂ ಹೇಳಿ. ನೀರು ಹದ ಬಿಸಿ ಇರಲಿ, ಸ್ಟೂಲಿನ ಮೇಲೆ ಕೂತು ಮೀಯಿರಿ, ಬಚ್ಚಲ ಚಿಲಕ ಹಾಕಬೇಡಿ. ತಲೆ ಸುತ್ತಿ ಬೀಳುವುದು ಅಲ್ಲಿಯೇ. ಹೊಲಿಗೆಯ ಸುತ್ತ ಎಣ್ಣೆ ತಿಕ್ಕಿಸಬೇಡಿ.

ದಿನಕ್ಕೆ 8–12 ಸಲ ಹಾಲು ಕುಡಿದು, ಆರೋ ಹೆಚ್ಚೋ ಸಲ ಚೆನ್ನಾಗಿ ಒದ್ದೆ ಮಾಡುತ್ತಿದ್ದರೆ ಹಾಲು ಸಾಲುತ್ತಿದೆ. ಎರಡು ವಾರದೊಳಗೆ ಮಗು ಹುಟ್ಟಿದಾಗಿನ ತೂಕಕ್ಕೆ ಮರಳಬೇಕು, ತೂಗಿಸಿ ನೋಡಿ.

ಒಂದು ಗಂಟೆಯಲ್ಲಿ ಪ್ಯಾಡ್ ತೊಯ್ದುಹೋದರೆ, ಜ್ವರ 100.4 ಡಿಗ್ರಿ ಮುಟ್ಟಿದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಹೊಲಿಗೆಯಿಂದ ಕೀವು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಮೊದಲ ದಿನಗಳಲ್ಲಿ ಅಳು ಬರುವುದು ಸಹಜ. ಎರಡು ವಾರ ದಾಟಿಯೂ ನಿಲ್ಲದಿದ್ದರೆ ಡಾಕ್ಟರಿಗೆ ಹೇಳಿ. ಸಾಯಬೇಕೆನಿಸಿದರೆ, ಮಗುವಿಗೆ ಏನಾದರೂ ಮಾಡಿಬಿಡುತ್ತೇನೆಂದು ಹೆದರಿಕೆಯಾದರೆ ಒಂದು ದಿನವೂ ಕಾಯದೆ ಮನೆಯವರಿಗೆ ತಿಳಿಸಿ, ಆಸ್ಪತ್ರೆಗೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.