ಮಾತ್ರೆ ಹತ್ತೇ ದಿನಕ್ಕೆ ಏಕೆ?

ಘಟ್ಟದ ಮೇಲಿನ ತಾಲ್ಲೂಕು ಆಸ್ಪತ್ರೆಯೊಂದರ ಶುಶ್ರೂಷಾ ಅಧಿಕಾರಿಯೊಬ್ಬರ ಪತ್ರದ ಸಾರ ಇಷ್ಟು: ‘ರಕ್ತದೊತ್ತಡ ಇರುವವರಿಗೆ ನಮ್ಮಲ್ಲಿ 10 ದಿನಗಳ ಮಾತ್ರೆಯನ್ನಷ್ಟೇ ಕೊಡುತ್ತಾರೆ. ದಿನಕ್ಕೆರಡೇ ಬಸ್ಸಿರುವ ಊರುಗಳ ಅಜ್ಜ, ಅಜ್ಜಿಯರು ಎರಡು ಸಲ ಬಂದು ಆಮೇಲೆ ಬಿಟ್ಟುಬಿಡುತ್ತಾರೆ. ಹೇಳಿದರೆ, ನಿಮ್ಮ ಕೆಲಸ ನೋಡಿಕೊಳ್ಳಿ ಎನ್ನುತ್ತಾರೆ. ನೀವಾದರೂ ಆಸ್ಪತ್ರೆಯ ಹೆಸರು ಹಾಕಿ ಪತ್ರಿಕೆಯಲ್ಲಿ ಬರೆಯಿರಿ. ಇಲ್ಲವಾದರೆ ರಾಜೀನಾಮೆ ಕೊಡುತ್ತೇನೆ.’

ಸೋದರಿ, ಸದ್ಯಕ್ಕೆ ಎರಡೂ ಬೇಡ. ನಾವು ಹೆಸರು ಹಾಕಿದರೆ ಮೇಲಿನಿಂದ ನೋಟಿಸು ಬರುತ್ತದೆ, ಅದಕ್ಕೊಂದು ಚೆಂದದ ಸಮಜಾಯಿಷಿ ಹೋಗುತ್ತದೆ, ಸುದ್ದಿ ಕೊಟ್ಟವರು ಯಾರೆಂಬ ಹುಡುಕಾಟ ನಿಮ್ಮ ವಾರ್ಡಿನಲ್ಲಿ ಶುರುವಾಗುತ್ತದೆ. ಅಜ್ಜಿಗೆ ಸಿಗುವುದು ಮತ್ತೆ ಹತ್ತೇ ದಿನದ ಮಾತ್ರೆ.

ನಿಮ್ಮ ಬೇಡಿಕೆಯಲ್ಲಿ ತಪ್ಪೇನಿಲ್ಲ. ರಕ್ತದೊತ್ತಡ ನಿಯಂತ್ರಣಕ್ಕೆಂದು 2017ರಲ್ಲಿ ಆರಂಭವಾದ ರಾಷ್ಟ್ರೀಯ ಉಪಕ್ರಮವೇ ಒಮ್ಮೆಗೆ 30 ದಿನಗಳ ಮಾತ್ರೆ ಕೊಡಬೇಕೆನ್ನುತ್ತದೆ. ಫಾರ್ಮಸಿಯವರು ಕೈ ಬಿಗಿಹಿಡಿಯುವುದು ಹೆಚ್ಚಾಗಿ ಕೆಟ್ಟತನದಿಂದಲ್ಲ, ದಾಸ್ತಾನು ಮುಗಿದೀತೆಂಬ ಹೆದರಿಕೆಯಿಂದ. ಇಂಡೆಂಟ್, ಅಂದರೆ ಔಷಧದ ಬೇಡಿಕೆ ಪಟ್ಟಿ, ಹಾಕುವುದು ಹಿಂದೆ ಖರ್ಚಾದ ಲೆಕ್ಕ ನೋಡಿ. ರೋಗಿಗಳು ಬರುವುದು ಬಿಟ್ಟರೆ ಖರ್ಚು ಇಳಿಯುತ್ತದೆ, ಖರ್ಚು ಇಳಿದರೆ ಇಂಡೆಂಟೂ ಇಳಿಯುತ್ತದೆ, ಬಂದದ್ದೇ ಕಡಿಮೆ ಎಂದು ಮತ್ತೆ ಹತ್ತು ದಿನಕ್ಕೆ ಹಂಚುತ್ತಾರೆ. ಈ ಗಂಟಿನ ತುದಿ ನಿಮ್ಮ ಮೇಜಿನ ರಿಜಿಸ್ಟರಿನಲ್ಲೇ ಇದೆ.

ನೋಂದಾಯಿಸಿದವರು ಎಷ್ಟು, ತಿಂಗಳಿಗೆ ರಕ್ತದೊತ್ತಡದ ಮಾತ್ರೆ ಆಮ್ಲೋಡಿಪಿನ್ ಎಷ್ಟು ಬೇಕು, ಬರುವುದನ್ನು ನಿಲ್ಲಿಸಿದವರು ಎಷ್ಟು ಮಂದಿ ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದು, ಇಂಡೆಂಟ್ ಹೋಗುವ ಮುಂಚೆ ಫಾರ್ಮಸಿ ಅಧಿಕಾರಿಯ ಕೈಗೆ ಕೊಡಿ. ಕೊಡುವಾಗ ತಪ್ಪು ಎತ್ತಿ ಆಡಬೇಡಿ. ‘ಇಷ್ಟು ತರಿಸಿದರೆ ನಿಮ್ಮ ಕಿಟಕಿಯ ಮುಂದಿನ ಸಾಲೂ ಕರಗುತ್ತದೆ’ ಎನ್ನಿ. (ಸುಳ್ಳೇನೂ ಅಲ್ಲ.) ಎಲ್ಲರಿಗೂ ಸಾಲದಿದ್ದರೆ ದೂರದ ಊರಿನವರಿಂದ ಆರಂಭಿಸಿ. ಇನ್ನೊಂದು ಪ್ರತಿಯನ್ನು ಆಡಳಿತ ವೈದ್ಯಾಧಿಕಾರಿಗೆ ಕೊಟ್ಟು, ತಲುಪಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಆಸ್ಪತ್ರೆಯ ಆಗುಹೋಗು ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿಯ ಮುಂದೆ ವಿಷಯ ಒಯ್ಯುವಾಗ ಅದು ಬೇಕಾಗುತ್ತದೆ.

ಹಾಳೆ ಮೊದಲು ಏಕೆ ಎನ್ನುವುದಕ್ಕೆ ಹಳೆಯದೊಂದು ಉದಾಹರಣೆ ಇದೆ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದರು. ಏಪ್ರಿಲ್‌ನಲ್ಲಿ ಶೇ 18ರಷ್ಟಿದ್ದ ಬಾಣಂತಿಯರ ಸಾವು ಜೂನ್ ಹೊತ್ತಿಗೆ ಶೇ 2ರ ಆಸುಪಾಸಿಗೆ ಇಳಿಯಿತು. ಆದರೂ ಅವರು ಪುಸ್ತಕವಾಗಿ ಎಲ್ಲವನ್ನೂ ಬರೆದದ್ದು 1861ರಲ್ಲಿ. ಆಮೇಲಂತೂ ಒಪ್ಪದವರನ್ನು ಬಹಿರಂಗ ಪತ್ರಗಳಲ್ಲಿ ಜರೆದರು. ಹಿರಿಯ ವೈದ್ಯರ ಅಹಂಕಾರವೂ ಸಣ್ಣದಿರಲಿಲ್ಲ, ಒಪ್ಪುತ್ತೇನೆ. ಆದರೆ ಲೆಕ್ಕದ ಹಾಳೆ ಜಗಳಕ್ಕಿಂತ ಮೊದಲು ಎಲ್ಲರ ಕೈಸೇರಬೇಕಿತ್ತು.

ಸದ್ದಿಲ್ಲದೆ ಮಾಡಿ ಎಂದದ್ದನ್ನು ಬಾಯಿ ಮುಚ್ಚಿಕೊಂಡಿರಿ ಎಂದು ತಿಳಿಯಬೇಡಿ. ಹೆರಿಗೆಗೆ ಲಂಚ, ಅವಧಿ ಮೀರಿದ ಔಷಧ, ತಿದ್ದಿದ ದಾಖಲೆ ಕಂಡರೆ ಅದೇ ದಿನ ಲಿಖಿತ ದೂರು ಕೊಡಬೇಕು. ಇನ್ನು, ತಜ್ಞರ ಹುದ್ದೆ ಖಾಲಿ ಬಿದ್ದರೆ, ಗಂಭೀರ ಸ್ಥಿತಿಯಲ್ಲಿರುವವರನ್ನು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಒಯ್ಯಬೇಕಾಗಿ ಬಂದರೆ, ಆ ಹೊರೆ ನಿಮ್ಮದಲ್ಲ. ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಜನ ದನಿ ಎತ್ತಿದ್ದು ಸರಕಾರವನ್ನು ಕೇಳಲೆಂದೇ. ಶುಶ್ರೂಷಕಿಯರ ತ್ಯಾಗವನ್ನು ಹೊಗಳಿ ಸರಕಾರದ ಕೊರತೆ ಮುಚ್ಚುವ ಲೇಖನಗಳು ನನಗೆ ಎಂದೂ ಸೇರಿದ್ದಿಲ್ಲ.

ಮುಂದಿನ ಸಮಿತಿ ಸಭೆಯಾದ ಮೇಲೂ ಏನೂ ಆಗದಿದ್ದರೆ ಆ ಹಾಳೆಯ ಜೆರಾಕ್ಸ್ ಕಳುಹಿಸಿ. ರೋಗಿಗಳ ಹೆಸರು ಅದರಲ್ಲಿ ಇರದಿರಲಿ. ನಿಮ್ಮ ಹೆಸರನ್ನೂ ಹಾಕದೆ, ಜಿಲ್ಲಾ ಆರೋಗ್ಯಾಧಿಕಾರಿಗಳ ಉತ್ತರವನ್ನೂ ಕೇಳಿ ಪ್ರಕಟಿಸುತ್ತೇವೆ.

– ಸಂ.